‘ಈ ಸ್ಥಾನಕ್ಕೆ ನಾನು ತಕ್ಕವಳಲ್ಲ’ ಎನಿಸಿದಾಗ ತಂಡವನ್ನು ನಡೆಸುವುದು ಹೇಗೆ?

ಬಡ್ತಿ ಪಡೆದು ತಂಡದ ಹೊಣೆ ಹೊತ್ತ ಮೊದಲ ತಿಂಗಳುಗಳಲ್ಲಿ ಅನೇಕರನ್ನು ಒಂದೇ ಬಗೆಯ ಅಂಜಿಕೆ ಕಾಡುತ್ತದೆ. ಈ ಸ್ಥಾನ ಅದೃಷ್ಟದಿಂದ ದಕ್ಕಿದ್ದು, ಇಂದಲ್ಲ ನಾಳೆ ನನ್ನ ಬಂಡವಾಳ ಬಯಲಾಗುತ್ತದೆ ಎಂಬ ಅಂಜಿಕೆ ಅದು. ಪಾಲಿನ್ ಕ್ಲಾನ್ಸ್ ಮತ್ತು ಸುಸಾನ್ ಐಮ್ಸ್ ಎಂಬ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞೆಯರು 1978ರಲ್ಲಿ ಇದನ್ನು ಮೊದಲ ಬಾರಿಗೆ ಹೆಸರಿಟ್ಟು ವಿವರಿಸಿದರು. ಓದಿನಲ್ಲೂ ವೃತ್ತಿಯಲ್ಲೂ ಮೇಲೆ ಬಂದಿದ್ದ 150ಕ್ಕೂ ಹೆಚ್ಚು ಮಹಿಳೆಯರೊಡನೆ ಕೆಲಸ ಮಾಡುವಾಗ, ಅವರಲ್ಲಿ ಎಷ್ಟೋ ಜನ ತಮ್ಮ ಸಾಧನೆಯನ್ನೇ ನಂಬುತ್ತಿರಲಿಲ್ಲ ಎಂಬುದನ್ನು ಅವರು ಗಮನಿಸಿದ್ದರು. ಇಂದು ಎಲ್ಲರೂ ಇದನ್ನು ‘ಇಂಪೋಸ್ಟರ್ ಸಿಂಡ್ರೋಮ್’, ಅಂದರೆ ತಾನು ಸೋಗು ಹಾಕಿದವನೆಂಬ ಭಾವನೆಯ ಕಾಯಿಲೆ, ಎನ್ನುತ್ತಾರಾದರೂ ಕಾಯಿಲೆಯನ್ನು ಸೂಚಿಸುವ ‘ಸಿಂಡ್ರೋಮ್’ ಎಂಬ ಪದವನ್ನು ಅವರಿಬ್ಬರೂ ಬಳಸಿರಲಿಲ್ಲ. ಮನೋವೈದ್ಯರು ರೋಗಗಳನ್ನು ಗುರುತಿಸಲು ಬಳಸುವ ಕೈಪಿಡಿಯಲ್ಲಿಯೂ ಇದು ಒಂದು ಕಾಯಿಲೆಯಾಗಿ ಸೇರಿಲ್ಲ. ಕಾಯಿಲೆ ಎಂದುಕೊಂಡವರು ಅದು ವಾಸಿಯಾಗುವವರೆಗೆ ಕಾಯುತ್ತಾರೆ. ನನ್ನ ದೃಷ್ಟಿಯಲ್ಲಿ ಇದು ನಮ್ಮ ಕೆಲಸದ ಲೆಕ್ಕವನ್ನು ನಾವೇ ತಪ್ಪಾಗಿ ಬರೆದುಕೊಳ್ಳುವ ಅಭ್ಯಾಸ, ಆದ್ದರಿಂದ ತಿದ್ದಿಕೊಳ್ಳಬಹುದಾದದ್ದು.

ಆ ತಪ್ಪು ಲೆಕ್ಕ ಹೇಗೆ ನಡೆಯುತ್ತದೆ ಎಂಬುದನ್ನು ಮೊದಲು ಅರಿತುಕೊಳ್ಳಬೇಕು. ಹೊಸ ಕೆಲಸ ಬಂದೊಡನೆ ಆತಂಕ ಹುಟ್ಟುತ್ತದೆ. ಆಗ ಮನುಷ್ಯ ಒಂದೋ ಅಗತ್ಯಕ್ಕಿಂತ ಹಲವು ಪಟ್ಟು ತಯಾರಿ ನಡೆಸುತ್ತಾನೆ, ಇಲ್ಲವೇ ಮುಂದೂಡುತ್ತ ಬಂದು ಕೊನೆಯ ಗಳಿಗೆಯಲ್ಲಿ ಹೇಗೋ ಮುಗಿಸುತ್ತಾನೆ. ಕೆಲಸ ಚೆನ್ನಾಗಿ ಆದರೆ ಮೊದಲನೆಯವನು ‘ಇಷ್ಟು ಒದ್ದಾಡಿದ್ದಕ್ಕೆ ಆಯಿತು’ ಎನ್ನುತ್ತಾನೆ, ಎರಡನೆಯವನು ‘ಅದೃಷ್ಟ ಕೈಹಿಡಿಯಿತು’ ಎನ್ನುತ್ತಾನೆ. ಕೆಟ್ಟರೆ ಮಾತ್ರ ಇಬ್ಬರೂ ಅದನ್ನು ತಮ್ಮ ಯೋಗ್ಯತೆಯ ಖಾತೆಗೇ ಬರೆದುಕೊಳ್ಳುತ್ತಾರೆ. ಹೀಗೆ ಹತ್ತು ವರ್ಷ ದುಡಿದರೂ ಸಾಮರ್ಥ್ಯದ ಖಾತೆಗೆ ಏನೂ ಜಮೆಯಾಗುವುದಿಲ್ಲ.

ಆದ್ದರಿಂದ ಮೊದಲು ಮಾಡಬೇಕಾದದ್ದು, ನಿಜವಾಗಿಯೂ ಒಂದು ಪುಸ್ತಕವಿಟ್ಟು ಬರೆಯುವುದು. ವಾರಕ್ಕೊಮ್ಮೆ ಹದಿನೈದು ನಿಮಿಷ ಸಾಕು. ಈ ವಾರ ನಾನು ತೆಗೆದುಕೊಂಡ ನಿರ್ಧಾರ ಯಾವುದು, ಯಾವ ತಿಳಿವಳಿಕೆಯ ಬಲದಿಂದ ಅದನ್ನು ತೆಗೆದುಕೊಂಡೆ, ಯಾರ ನೆರವು ಸಿಕ್ಕಿತು, ಎಲ್ಲಿ ತಪ್ಪಿತು ಎಂಬುದನ್ನು ಪ್ರಾಮಾಣಿಕವಾಗಿ ಬರೆಯಿರಿ. ಇದು ಹೊಗಳಿಕೆಯ ಪಟ್ಟಿಯಾಗಬಾರದು. ಬರಿಯ ಹೊಗಳಿಕೆಯನ್ನು ಸಂಶಯದ ಮನಸ್ಸು ಒಪ್ಪುವುದೇ ಇಲ್ಲ. ಅದೃಷ್ಟಕ್ಕೂ ಅದರ ಪಾಲನ್ನು ಕೊಡಿ, ಏಕೆಂದರೆ ಯಾರ ಯಶಸ್ಸಿನಲ್ಲಾದರೂ ಅದು ಇದ್ದೇ ಇರುತ್ತದೆ. ಆದರೆ ‘ಸಭೆ ಚೆನ್ನಾಗಿ ಆಯಿತು’ ಎಂದು ಬರೆದು ಬಿಡದೆ, ‘ಎರಡು ವಿಭಾಗಗಳ ನಡುವಿನ ಭಿನ್ನಾಭಿಪ್ರಾಯ ಗಡುವಿನ ಬಗ್ಗೆ, ವೆಚ್ಚದ ಬಗ್ಗೆ ಅಲ್ಲ ಎಂಬುದನ್ನು ನಾನು ಗುರುತಿಸಿದೆ’ ಎಂದು ಬರೆಯಿರಿ. ಮೂರು ತಿಂಗಳ ಬರಹವನ್ನು ಒಟ್ಟಿಗೆ ಓದಿದಾಗ, ಅದೃಷ್ಟವೊಂದೇ ಇಷ್ಟನ್ನೆಲ್ಲ ಮಾಡಿರಲಾರದು ಎಂಬುದು ನಿಮ್ಮ ಕೈಬರಹದಲ್ಲಿಯೇ ಕಾಣಿಸುತ್ತದೆ.

ಜೊತೆಗೆ ಇನ್ನೊಂದು ಪರೀಕ್ಷೆ ಮಾಡಿಕೊಳ್ಳಿ. ‘ನನಗೆ ಸಾಮರ್ಥ್ಯವಿಲ್ಲ’ ಎನಿಸಿದಾಗ, ಯಾವ ಸಾಮರ್ಥ್ಯ ಎಂದು ಹೆಸರಿಸಲು ಪ್ರಯತ್ನಿಸಿ. ‘ಆಯವ್ಯಯದ ಪಟ್ಟಿಯನ್ನು ಓದಲು ಬರುವುದಿಲ್ಲ’ ಎಂದು ಹೇಳಲು ಸಾಧ್ಯವಾದರೆ ಅದು ಕಲಿಯಬೇಕಾದ ವಿಷಯ, ಯಾರಲ್ಲಿ ಯಾವಾಗ ಕಲಿಯುವುದೆಂದು ದಿನ ಗೊತ್ತುಮಾಡಿ. ಏನನ್ನೂ ಹೆಸರಿಸಲಾಗದಿದ್ದರೆ ಅದು ಕೇವಲ ಅಂಜಿಕೆ. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು: ಸಭೆಯಲ್ಲಿ ನಿಮ್ಮ ಮಾತನ್ನು ಮತ್ತೆ ಮತ್ತೆ ತಡೆಯುತ್ತಿದ್ದರೆ, ನಿಮ್ಮ ಕೆಲಸದ ಹೆಸರು ಇನ್ನೊಬ್ಬರಿಗೆ ಹೋಗುತ್ತಿದ್ದರೆ, ದೋಷ ನಿಮ್ಮ ಮನಸ್ಸಿನದಲ್ಲ, ಆ ಜಾಗದ್ದು. ಅದನ್ನು ಆತ್ಮವಿಶ್ವಾಸದ ಕೊರತೆ ಎಂದು ಕರೆಯುವುದು ಅನ್ಯಾಯ.

ಮುಂದಾಳಾದವರಲ್ಲಿ ಈ ಅಂಜಿಕೆ ತಂಡಕ್ಕೂ ತಗಲುತ್ತದೆ. ನಾನು ಮೊದಲ ಬಾರಿ ತಂಡ ನಡೆಸಿದಾಗ ಕಿರಿಯ ಸಹೋದ್ಯೋಗಿಯೊಬ್ಬರು ಕೊಟ್ಟ ವರದಿಗಳನ್ನು ರಾತ್ರಿ ಕುಳಿತು ಪೂರ್ತಿಯಾಗಿ ತಿದ್ದಿ ಬರೆಯುತ್ತಿದ್ದೆ. ಒಂದು ತಪ್ಪು ಉಳಿದರೂ ನನ್ನ ಅನರ್ಹತೆ ಹೊರಬೀಳುತ್ತದೆ ಎಂಬ ಹೆದರಿಕೆ. ಕೆಲವೇ ವಾರಗಳಲ್ಲಿ ಅವರು ಅರ್ಧಂಬರ್ಧ ಬರೆದು ಕೊಡತೊಡಗಿದರು. ಕೇಳಿದಾಗ, ‘ಹೇಗೂ ನೀವೇ ಬರೆಯುತ್ತೀರಲ್ಲ, ಮೇಡಂ’ ಎಂದರು. ನನ್ನ ಅಂಜಿಕೆಗೆ ಬೆಲೆ ತೆತ್ತವರು ಅವರು. ಅಂದಿನಿಂದ ಕೆಲಸ ಒಪ್ಪಿಸುವಾಗಲೇ ಮೂರು ವಿಷಯ ಹೇಳುವುದನ್ನು ರೂಢಿಸಿಕೊಂಡೆ: ಕೊನೆಗೆ ಏನು ಸಿದ್ಧವಾಗಬೇಕು, ಯಾವ ನಿರ್ಧಾರ ಅವರದು, ಯಾವುದಕ್ಕೆ ನನ್ನನ್ನು ಕೇಳಬೇಕು. ತಿದ್ದುವುದಿದ್ದರೆ ಬದಿಯಲ್ಲಿ ಟಿಪ್ಪಣಿ ಬರೆಯುತ್ತೇನೆಯೇ ಹೊರತು ಅವರ ವಾಕ್ಯವನ್ನು ಅಳಿಸುವುದಿಲ್ಲ.

‘ನನಗೆ ಗೊತ್ತಿಲ್ಲ’ ಎನ್ನುವುದನ್ನೂ ಕಲಿಯಬೇಕು, ಆದರೆ ಅದನ್ನು ಅಲ್ಲಿಗೇ ನಿಲ್ಲಿಸಬಾರದು. ‘ಇದು ನನಗೆ ಗೊತ್ತಿಲ್ಲ, ಗುರುವಾರದೊಳಗೆ ವಿಚಾರಿಸಿ ತಿಳಿಸುತ್ತೇನೆ’ ಎಂಬ ಮಾತು ತಂಡಕ್ಕೆ ಧೈರ್ಯ ಕೊಡುತ್ತದೆ. ತಂಡಗಳ ನಡವಳಿಕೆಯನ್ನು ಅಧ್ಯಯನ ಮಾಡುವ ಅಮೆರಿಕದ ಸಂಶೋಧಕಿ ಏಮಿ ಎಡ್ಮಂಡ್‌ಸನ್ ಅವರು 1990ರ ದಶಕದಲ್ಲಿ ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗಿನ ತಪ್ಪುಗಳನ್ನು ಅಧ್ಯಯನ ಮಾಡಿದಾಗ, ಒಳ್ಳೆಯ ತಂಡಗಳಲ್ಲಿಯೇ ಹೆಚ್ಚು ತಪ್ಪುಗಳು ದಾಖಲಾಗಿರುವುದು ಕಂಡುಬಂತು. ಆ ತಂಡಗಳ ದಾದಿಯರು ತಪ್ಪುಗಳನ್ನು ಮುಚ್ಚಿಡದೆ ಹೇಳುತ್ತಿದ್ದರು ಎಂಬುದೇ ಅದಕ್ಕೆ ಅವರು ಕಂಡುಕೊಂಡ ವಿವರಣೆ. ಕೆಟ್ಟ ಸುದ್ದಿ ತಂದವರಿಗೆ ನೀವು ಆಡುವ ಮೊದಲ ವಾಕ್ಯದ ಮೇಲೆ ಮುಂದಿನ ಸುದ್ದಿ ನಿಮಗೆ ತಲುಪುತ್ತದೆಯೇ ಇಲ್ಲವೇ ಎಂಬುದು ನಿಂತಿದೆ. ‘ಬೇಗ ತಿಳಿಸಿದ್ದು ಒಳ್ಳೆಯದಾಯಿತು, ಈಗ ಯಾವ ಕೆಲಸ ನಿಂತಿದೆ?’ ಎಂದು ಕೇಳಿ. ‘ಹೀಗೇಕಾಯಿತು’ ಎಂಬ ವಿಚಾರಣೆ ಆಮೇಲೆ ಇರಲಿ. ಆದರೆ ನಿಮ್ಮ ಯೋಗ್ಯತೆಯ ಬಗೆಗಿನ ಸಂಶಯವನ್ನೆಲ್ಲ ತಂಡದ ಮುಂದೆ ತೋಡಿಕೊಳ್ಳಬೇಡಿ. ನಿಮ್ಮನ್ನು ಸಮಾಧಾನಪಡಿಸುವ ಹೊರೆ ಅವರದಲ್ಲ. ಅದಕ್ಕೆ ನಿಮ್ಮ ಮಟ್ಟದ ಸಹೋದ್ಯೋಗಿಯೋ, ನಂಬಿಕೆಯ ಹಿರಿಯರೋ ಬೇಕು. ನಿದ್ದೆ, ಊಟ ಕೆಡುವಷ್ಟು ಕಾಡಿದರೆ ಆಪ್ತಸಮಾಲೋಚಕರನ್ನು ಕಾಣಲು ಹಿಂಜರಿಯಬೇಡಿ.

ಸಂಶಯದಲ್ಲಿ ಬೆಂದವರಿಗೆ ಇನ್ನೊಬ್ಬರ ಸಂಶಯ ಬೇಗ ತಿಳಿಯುತ್ತದೆ. ಕೆಲಸದ ಸ್ಥಳದ ನಡವಳಿಕೆಯನ್ನು ಅಧ್ಯಯನ ಮಾಡುವ ಅಮೆರಿಕದ ಸಂಶೋಧಕಿ ಬಸಿಮಾ ತೌಫೀಕ್ ಅವರು 2022ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಇಂಥ ಯೋಚನೆಗಳು ಹೆಚ್ಚಾಗಿ ಬರುವವರು ಸಹೋದ್ಯೋಗಿಗಳೊಡನೆ ಚೆನ್ನಾಗಿ ಹೊಂದಿಕೊಳ್ಳುತ್ತಾರೆಂದು ಮೇಲಧಿಕಾರಿಗಳು ಗುರುತಿಸಿದ್ದು ಕಂಡುಬಂತು. ಅವರ ಗಮನ ಇತರರತ್ತ ಹೆಚ್ಚಾಗಿ ಹರಿಯುವುದು ಅದಕ್ಕೆ ಕಾರಣ. ಅಂಜಿಕೆಯನ್ನು ಬೆಳೆಸಿಕೊಳ್ಳಬೇಕು ಎಂದು ಇದರ ಅರ್ಥವಲ್ಲ, ಆ ಗಮನವನ್ನು ಮಾತ್ರ ಉಳಿಸಿಕೊಳ್ಳಬೇಕು. ತಂಡದವರೊಬ್ಬರು ‘ಏನೋ, ಹೇಗೋ ಆಯಿತು’ ಎಂದಾಗ ‘ನೀವು ತುಂಬಾ ಜಾಣರು’ ಎನ್ನಬೇಡಿ, ಆ ಮಾತು ಅವರ ಒಳಗೆ ಇಳಿಯುವುದಿಲ್ಲ. ‘ಗ್ರಾಹಕರು ಸಿಟ್ಟಾದಾಗ ನೀವು ವಾದಿಸದೆ ಅವರ ಪ್ರಶ್ನೆಯನ್ನೇ ಇನ್ನೊಮ್ಮೆ ಕೇಳಿ ಖಚಿತಪಡಿಸಿಕೊಂಡಿರಿ, ಅದರಿಂದಲೇ ಮಾತು ಮುಂದುವರಿಯಿತು’ ಎನ್ನಿ. ಮುಂದಿನ ಸಭೆಯನ್ನು ಅವರೇ ನಡೆಸಲಿ. ಕಠಿಣ ಪ್ರಶ್ನೆ ಬಂದು ಎಲ್ಲರ ಕಣ್ಣು ನಿಮ್ಮ ಕಡೆ ತಿರುಗಿದಾಗ, ಉತ್ತರ ನಿಮ್ಮ ನಾಲಿಗೆಯ ತುದಿಯಲ್ಲಿದ್ದರೂ ತಡೆದುಕೊಂಡು ಅವರ ಕಡೆ ನೋಡಿ.