ಹೊಗೆಗೆ ಮಿತಿ ಹಾಕಿದರೆ ಸಿಮೆಂಟ್ ಮೂಟೆಗೆ ಎಷ್ಟು ಜಾಸ್ತಿ? ಲೆಕ್ಕ ಹಾಕುವುದು ಹೀಗೆ

ಮನೆ ಮೇಲೆ ಎರಡು ರೂಮು ಕಟ್ಟಿಸುತ್ತಿದ್ದೆ. 2025ರ ದೀಪಾವಳಿ ಹೊತ್ತಿಗೆ ಸಿಮೆಂಟ್ ಅಂಗಡಿಯವರು ಫೋನ್ ಮಾಡಿದರು. ‘ಸರ್, ಫ್ಯಾಕ್ಟರಿಗಳ ಹೊಗೆಗೆ ಏನೋ ಲಿಮಿಟ್ ಬಂದಿದೆಯಂತೆ. ಇನ್ಮೇಲೆ ರೇಟು ಏರುತ್ತೆ. ಈಗಲೇ ಐವತ್ತು ಮೂಟೆ ಇಳಿಸಿಕೊಂಡುಬಿಡಿ’ ಅಂದರು. ನಾನು ಇಳಿಸಿಕೊಂಡೆ. ಲೆಕ್ಕ ಹಾಕಿದ್ದು ಆಮೇಲೆ. ನೀವು ಹಾಗೆ ಮಾಡಬೇಡಿ, ಮೊದಲು ಲೆಕ್ಕ ಹಾಕಿ. ಒಂದು ಹಾಳೆ, ಒಂದು ಪೆನ್ನು, ಮೊಬೈಲಿನ ಕ್ಯಾಲ್ಕುಲೇಟರ್ ಇದ್ದರೆ ಸಾಕು.

ಮೊದಲು: ಮಿತಿ ಯಾವುದಕ್ಕೆ ಅಂತ ನೋಡಿ

ಅಂಗಡಿಯವರು ಹೇಳಿದ ಸುದ್ದಿ ಸುಳ್ಳಲ್ಲ. ಆ ಅಕ್ಟೋಬರ್‌ನಲ್ಲಿ ಕೇಂದ್ರದ ಪರಿಸರ ಸಚಿವಾಲಯ ಒಂದು ನಿಯಮ ಹೊರಡಿಸಿತು. ಸಿಮೆಂಟ್, ಅಲ್ಯೂಮಿನಿಯಂ, ಕಾಗದ ಮತ್ತು ಕ್ಲೋರ್-ಆಲ್ಕಲಿ (ಕ್ಲೋರಿನ್, ಕಾಸ್ಟಿಕ್ ಸೋಡಾ ಮಾಡುವ ಉದ್ಯಮ) ಎಂಬ ನಾಲ್ಕು ಉದ್ಯಮಗಳ 282 ಘಟಕಗಳಿಗೆ ಹಸಿರುಮನೆ ಅನಿಲ, ಅಂದರೆ ಭೂಮಿಯ ಬಿಸಿ ಏರಿಸುವ ಕಾರ್ಬನ್ ಡೈಆಕ್ಸೈಡ್‌ನಂಥ ಅನಿಲ, ಕಡಿಮೆ ಮಾಡುವ ಗುರಿ ಕೊಟ್ಟಿತು. ನಾನು ಹೊಗೆ ಅನ್ನುತ್ತಿರುವುದು ಇದನ್ನೇ. ಅದರಲ್ಲಿ ಸಿಮೆಂಟಿನದ್ದೇ ದೊಡ್ಡ ಪಾಲು, 186 ಘಟಕ. 2023–24ರ ಲೆಕ್ಕವನ್ನು ಬುನಾದಿಯಾಗಿ ಇಟ್ಟುಕೊಂಡು 2025–26 ಮತ್ತು 2026–27ಕ್ಕೆ ಪ್ರತಿ ಘಟಕಕ್ಕೂ ಬೇರೆ ಬೇರೆ ಸಂಖ್ಯೆ.

ಇಲ್ಲೊಂದು ಸೂಕ್ಷ್ಮ ಇದೆ. ಈ ಮಿತಿ ಒಟ್ಟು ಹೊಗೆಯ ಮೇಲಲ್ಲ. ಒಂದು ಟನ್ ಮಾಲು ಮಾಡಲು ಎಷ್ಟು ಹೊಗೆ ಬಿಡುತ್ತೀರಿ ಎಂಬುದರ ಮೇಲೆ. ಉತ್ಪಾದನೆ ಎರಡು ಪಟ್ಟಾದರೂ ಪರವಾಗಿಲ್ಲ, ಟನ್ನಿಗೆ ಇಷ್ಟೇ ಇರಬೇಕು, ಅಷ್ಟೆ. ‘ಇನ್ನು ಫ್ಯಾಕ್ಟರಿ ಮುಚ್ಚುತ್ತಾರೆ, ಮಾಲು ಸಿಗಲ್ಲ’ ಅನ್ನುವ ಮಾತು ಇಲ್ಲೇ ಬಿದ್ದುಹೋಗುತ್ತದೆ. ಹಾಗೆಯೇ ‘ಇದರಿಂದ ಹೊಗೆ ಕಡಿಮೆಯಾಗೇ ಆಗುತ್ತದೆ’ ಅನ್ನುವ ಮಾತೂ.

ನಿಮ್ಮ ಮೂಟೆಯಲ್ಲಿ ಎಷ್ಟು ಹೊಗೆ ಇದೆ?

ಹಳೇ ಮನೆಯ ಶಹಾಬಾದ್ ಕಲ್ಲಿನ ನೆಲಕ್ಕೆ ಬಾತ್‌ರೂಮ್ ಆಸಿಡ್ ಬಿದ್ದಿದ್ದು ನೋಡಿದ್ದೀರಾ? ಚುಂಯ್ ಅಂತ ನೊರೆ ಏಳುತ್ತದೆ. ಕಲ್ಲಿನ ಮೇಲೆ ಬಿಳಿ ಕಲೆ ಉಳಿದು ಅಮ್ಮನ ಕೈಲಿ ಬೈಸಿಕೊಂಡದ್ದು ನನಗಿನ್ನೂ ನೆನಪಿದೆ. ಆ ನೊರೆಯೊಳಗಿನ ಗಾಳಿಯೇ ಕಾರ್ಬನ್ ಡೈಆಕ್ಸೈಡ್. ಸುಣ್ಣದ ಕಲ್ಲು ಅದನ್ನು ತನ್ನೊಳಗೇ ಕಟ್ಟಿಟ್ಟುಕೊಂಡಿರುತ್ತದೆ. ನೂರು ಕೆಜಿ ಅಪ್ಪಟ ಸುಣ್ಣದ ಕಲ್ಲು ಸುಟ್ಟರೆ 56 ಕೆಜಿ ಸುಣ್ಣ ಉಳಿಯುತ್ತದೆ, 44 ಕೆಜಿ ಈ ಅನಿಲವಾಗಿ ಹಾರಿಹೋಗುತ್ತದೆ.

ಕಲಬುರಗಿ ಜಿಲ್ಲೆಯ ಶಹಾಬಾದ್, ವಾಡಿ, ಸೇಡಂ ಸುತ್ತ ನೆಲದಡಿ ಇರುವುದು ಇದೇ ಕಲ್ಲು. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ, ಅಂದರೆ ಇಂದಿನ ಮಳಖೇಡದ ಪಕ್ಕದಲ್ಲೇ ಈಗ ಸಿಮೆಂಟ್ ಗೂಡು ಉರಿಯುತ್ತಿದೆ. ಅದರೊಳಗಿನ ಕಾವು ಸುಮಾರು 1,450 ಡಿಗ್ರಿ. ಅಲ್ಲಿಂದ ಹೊರಬರುವ ಗೋಲಿಯಂಥ ಗಟ್ಟಿಗೆ ಕ್ಲಿಂಕರ್ ಎನ್ನುತ್ತಾರೆ. ಅದನ್ನು ಅರೆದರೆ ಸಿಮೆಂಟ್.

ಈಗ ಬರೆದುಕೊಳ್ಳಿ. ಒಂದು ಟನ್ ಕ್ಲಿಂಕರ್‌ಗೆ ಕಲ್ಲಿನಿಂದಲೇ ಅರ್ಧ ಟನ್ನಿಗಿಂತ ತುಸು ಜಾಸ್ತಿ ಅನಿಲ ಬರುತ್ತದೆ. ಕಲ್ಲಿದ್ದಲು, ಪೆಟ್‌ಕೋಕ್ (ಕಚ್ಚಾತೈಲ ಶುದ್ಧೀಕರಿಸಿದಾಗ ಉಳಿಯುವ ಇಂಧನ) ಉರಿಸಿದ್ದಕ್ಕೆ ಇನ್ನೊಂದು 0.3 ಟನ್. ಒಟ್ಟು 0.8 ಟನ್ನಿನ ಮೇಲೆ. ಆದರೆ ನಾವು ತರುವ ಪಿಪಿಸಿ, ಅಂದರೆ ಹಾರುಬೂದಿ ಬೆರೆಸಿದ ಸಿಮೆಂಟ್ ಮೂಟೆಯಲ್ಲಿ ಪೂರ್ತಿ ಕ್ಲಿಂಕರ್ ಇರುವುದಿಲ್ಲ. ಮೂಟೆ ಮೇಲಿನ ಸಣ್ಣ ಅಕ್ಷರ ಓದಿ, ಹಾರುಬೂದಿ ಶೇಕಡಾ ಎಷ್ಟು ಅಂತ ಹಾಕಿರುತ್ತಾರೆ. ನಿಯಮದ ಪ್ರಕಾರ ಅದು 15ರಿಂದ 35. ಕ್ಲಿಂಕರ್ 65 ಭಾಗ ಎಂದುಕೊಂಡರೆ 50 ಕೆಜಿ ಮೂಟೆಗೆ 27 ಕೆಜಿ ಅನಿಲ. ಕರೆಂಟಿನದ್ದೂ ಸೇರಿಸಿದರೆ 30ರ ಆಸುಪಾಸು.

ಅಂದರೆ ಟನ್ ಸಿಮೆಂಟಿಗೆ 0.60 ಟನ್. ಈ ಸಂಖ್ಯೆಗೆ ಒಂದು ಗೆರೆ ಎಳೆದಿಡಿ.

ಮೂರನೆಯದು: ಕೊರತೆಗೆ ರೇಟು ಕಟ್ಟಿ

ಇನ್ನು ಮುಂದಿನದ್ದು ನನ್ನ ಕಾಲ್ಪನಿಕ ಕಾರ್ಖಾನೆ. ವರ್ಷಕ್ಕೆ 20 ಲಕ್ಷ ಟನ್ ಸಿಮೆಂಟ್ ಮಾಡುತ್ತದೆ. ಈಗ 0.60 ಇದೆ, 0.58ಕ್ಕೆ ಇಳಿಸಬೇಕು. ಕಷ್ಟಪಟ್ಟು 0.59ಕ್ಕೆ ಬಂದು ನಿಂತಿತು ಅನ್ನಿ. ಟನ್ನಿಗೆ 0.01 ಕೊರತೆ. 20 ಲಕ್ಷದಿಂದ ಗುಣಿಸಿ: 20,000 ಟನ್.

ಇದನ್ನು ತುಂಬಿಕೊಡಲು ಕಾರ್ಖಾನೆ ಅಷ್ಟೇ ಕಾರ್ಬನ್ ಕ್ರೆಡಿಟ್ ಸರ್ಟಿಫಿಕೇಟ್ ಕೊಳ್ಳಬೇಕು. ಒಂದು ಸರ್ಟಿಫಿಕೇಟ್ ಅಂದರೆ ಒಂದು ಟನ್. ಮಾರುವವರು ಯಾರು? ಗುರಿಗಿಂತ ಕೆಳಗೆ ಇಳಿದ ಇನ್ನೊಂದು ಕಾರ್ಖಾನೆ. ಸರ್ಕಾರಕ್ಕೆ ಕಟ್ಟುವ ತೆರಿಗೆ ಅಲ್ಲ ಇದು, ಒಬ್ಬರ ಜೇಬಿನಿಂದ ಇನ್ನೊಬ್ಬರ ಜೇಬಿಗೆ ಹೋಗುವ ದುಡ್ಡು. ಹಿಂದುಳಿದವರು ಮುಂದೆ ಹೋದವರಿಗೆ ಕೊಡುತ್ತಾರೆ.

ಒಂದರ ಬೆಲೆ 800 ರೂಪಾಯಿ ಎಂದಿಡೋಣ. ಇದು ನನ್ನ ಊಹೆ, ನೀವು ಬೇರೆ ಸಂಖ್ಯೆ ಹಾಕಿ ನೋಡಬಹುದು. 20,000 ಸರ್ಟಿಫಿಕೇಟಿಗೆ 1 ಕೋಟಿ 60 ಲಕ್ಷ. ದೊಡ್ಡ ಮೊತ್ತ ಅಲ್ವಾ? ಪತ್ರಿಕೆಯಲ್ಲಿ ಹೆಡ್ಡಿಂಗ್ ಹಾಕಲು ಚೆನ್ನಾಗಿದೆ. ಈಗ ಅದನ್ನು 20 ಲಕ್ಷ ಟನ್ನಿಗೆ ಹಂಚಿ. ಟನ್ನಿಗೆ 8 ರೂಪಾಯಿ. ಟನ್ನಿಗೆ 20 ಮೂಟೆ. ಮೂಟೆಗೆ 40 ಪೈಸೆ.

ಕಾರ್ಖಾನೆ ಏನೂ ಮಾಡದೆ ಸುಮ್ನೆ ಕೂತರೆ 80 ಪೈಸೆ. ಸರ್ಟಿಫಿಕೇಟೂ ಕೊಳ್ಳದೆ ಸತಾಯಿಸಿದರೆ ಮಾರುಕಟ್ಟೆ ಸರಾಸರಿ ಬೆಲೆಯ ಎರಡು ಪಟ್ಟು ಪರಿಹಾರ ಕಟ್ಟಬೇಕು. ಅದನ್ನು ವಿಧಿಸುವುದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ. ಆಗಲೂ ಮೂಟೆಗೆ 1 ರೂಪಾಯಿ 60 ಪೈಸೆ. 2025ರ ಸೆಪ್ಟೆಂಬರ್ 22ರಂದು ಸಿಮೆಂಟಿನ ಜಿಎಸ್‌ಟಿ 28ರಿಂದ 18ಕ್ಕೆ ಇಳಿಯಿತು. 300 ರೂಪಾಯಿ ಮೂಲಬೆಲೆಯ ಮೂಟೆಗೆ ಅಷ್ಟರಿಂದಲೇ 30 ರೂಪಾಯಿ ವ್ಯತ್ಯಾಸ. ಅದರ ಮುಂದೆ ಈ 40 ಪೈಸೆ ಲೋಡಿಂಗ್‌ನವರ ಚಹಾಕ್ಕೂ ಆಗುವುದಿಲ್ಲ.

ಹಾಗಾದರೆ ಭಯ ಎಲ್ಲಿಂದ ಬಂತು?

ಯುರೋಪಿನಿಂದ. ಅಲ್ಲಿ 2005ರಿಂದಲೂ ಒಟ್ಟು ಹೊಗೆಗೇ ಮಿತಿ ಇದೆ. ಟನ್ ಹೊಗೆಗೆ 70 ಯೂರೊ ಎಂದಿಟ್ಟುಕೊಂಡು, ಯೂರೊಗೆ 100 ರೂಪಾಯಿ ಲೆಕ್ಕದಲ್ಲಿ, ನಮ್ಮ ಮೂಟೆಯ ಪೂರ್ತಿ 30 ಕೆಜಿಗೂ ದರ ಹಾಕಿದರೆ 210 ರೂಪಾಯಿ ಆಗುತ್ತದೆ! ಆದರೆ ಅಲ್ಲೂ ಇಷ್ಟು ವರ್ಷ ಕಾರ್ಖಾನೆಗಳಿಗೆ ಹೊಗೆ ಬಿಡುವ ಪರವಾನಗಿ ಬಹುಪಾಲು ಪುಕ್ಕಟೆ ಸಿಗುತ್ತಿತ್ತು. ಮೊದಲ ಸುತ್ತಿನಲ್ಲಂತೂ ಬೇಕಾಬಿಟ್ಟಿ ಹಂಚಿ, 2007ರಲ್ಲಿ ಬೆಲೆ ಸೊನ್ನೆ ಹತ್ತಿರಕ್ಕೆ ಬಿದ್ದಿತ್ತು. ಸಿಮೆಂಟ್, ಉಕ್ಕು, ಅಲ್ಯೂಮಿನಿಯಂನಂಥ ಸರಕಿಗೆ ಈ ಪುಕ್ಕಟೆ ಪಾಲು 2026ರಿಂದ 2034ರೊಳಗೆ ನಿಲ್ಲಲಿದೆ.

ನಮಗೆ ತಾಗುವುದು ಗಡಿಯಲ್ಲಿ. ಉಕ್ಕು, ಅಲ್ಯೂಮಿನಿಯಂ ಯುರೋಪಿಗೆ ಕಳಿಸುವವರ ಸರಕಿನ ಮೇಲೆ 2026ರ ಜನವರಿಯಿಂದ ಕಾರ್ಬನ್ ಸುಂಕದ ಲೆಕ್ಕ ಶುರುವಾಗಿದೆ. ನಮ್ಮ ದೇಶದಲ್ಲೇ ಇಂಗಾಲಕ್ಕೆ ಬೆಲೆ ಕಟ್ಟಿದ್ದರೆ ಅಷ್ಟನ್ನು ಅಲ್ಲಿನ ಸುಂಕದಲ್ಲಿ ಕಡಿತ ಮಾಡಿಸಿಕೊಳ್ಳಲು ಅವಕಾಶ ಇದೆ. ನನ್ನ ಪ್ರಕಾರ ಗುರಿ ಹಾಕಲು ಸರ್ಕಾರ ಇಷ್ಟು ಅವಸರಪಟ್ಟಿದ್ದಕ್ಕೆ ಇದೂ ಒಂದು ಕಾರಣ. ಹೇಗೂ ಕಟ್ಟಬೇಕಾದ ದುಡ್ಡು ಯುರೋಪ್ ಒಕ್ಕೂಟದ ಕೇಂದ್ರವಾದ ಬ್ರಸೆಲ್ಸ್‌ಗೆ ಹೋಗುವ ಬದಲು ಇಲ್ಲೇ ಇರಲಿ ಅಂತ. ತಮಾಷೆ ಏನೆಂದರೆ, ಹೆಚ್ಚು ಪೆಟ್ಟು ತಿನ್ನುವ ತೋರಣಗಲ್ಲಿನಂಥ ಕಡೆಯ ಉಕ್ಕಿನ ಕಾರ್ಖಾನೆಗಳು ಆ ಮೊದಲ ಪಟ್ಟಿಯಲ್ಲಿ ಇರಲೇ ಇಲ್ಲ.

ಕೊನೆಗೆ: ದುಡ್ಡು ಎಲ್ಲಿ ಹರಿಯುತ್ತದೆ ಅಂತ ಹುಡುಕಿ

ಮೂಟೆಯ ಬೆಲೆಯಲ್ಲಿ ಕಾಣದ ಪರಿಣಾಮ ಬೇರೆ ಕಡೆ ಕಾಣುತ್ತದೆ. ಕಲ್ಲು ಸುಟ್ಟರೆ ಅದರೊಳಗಿನ ಅನಿಲ ಹೊರಬಂದೇ ಬರುತ್ತದೆ. ಹಾಗಾಗಿ ಸುಲಭದ ದಾರಿ ಎಂದರೆ ಕ್ಲಿಂಕರನ್ನೇ ಕಡಿಮೆ ಹಾಕುವುದು. ಅದರ ಜಾಗಕ್ಕೆ ರಾಯಚೂರಿನ ಶಕ್ತಿನಗರದಂಥ ಉಷ್ಣ ವಿದ್ಯುತ್ ಸ್ಥಾವರದ ಹಾರುಬೂದಿ, ಉಕ್ಕಿನ ಕುಲುಮೆಯ ಸ್ಲ್ಯಾಗ್ (ಕಿಟ್ಟ). ಒಂದು ಕಾಲಕ್ಕೆ ಎಲ್ಲಿ ಸುರಿಯುವುದು ಅಂತ ತಲೆಕೆಡಿಸಿಕೊಳ್ಳುತ್ತಿದ್ದ ಬೂದಿಗೆ ಈಗ ಬಲ್ಕರ್ (ಮುಚ್ಚಿದ ಟ್ಯಾಂಕಿನ) ಲಾರಿಗಳು ಸಾಲುಗಟ್ಟುತ್ತವೆ. ಹಸಿ ಕಸದಿಂದ ಬೇರ್ಪಡಿಸಿದ ಪ್ಲಾಸ್ಟಿಕ್, ಚಿಂದಿ ಬಟ್ಟೆಯೂ ಗೂಡಿಗೆ ಸೌದೆಯಾಗುತ್ತದೆ. ಗೂಡಿನ ಬಿಸಿಗಾಳಿಯಿಂದಲೇ ಕರೆಂಟ್ ತೆಗೆಯುವ ಕಾರ್ಖಾನೆಗಳೂ ಇವೆ. ಅದಕ್ಕೆ ಮೊದಲೇ ಬಂಡವಾಳ ಬೇಕು. ದೊಡ್ಡ ಕಂಪನಿಗೆ ಸಾಲ ಸಿಗುತ್ತದೆ, ಒಂದೇ ಗೂಡಿನ ಹಳೇ ಘಟಕ ಒದ್ದಾಡುತ್ತದೆ. ಉದ್ಯೋಗದ ಪ್ರಶ್ನೆ ಏಳುವುದಾದರೆ ಮೊದಲು ಇಂಥ ಕಡೆ.

ಇದಕ್ಕೆ ಹಿಂದಿನ ಉದಾಹರಣೆ ನಮ್ಮಲ್ಲೇ ಇದೆ. 2012ರಿಂದ 2015ರವರೆಗೆ 478 ಘಟಕಗಳಿಗೆ ಇಂಧನ ಉಳಿತಾಯದ ಗುರಿ ಕೊಟ್ಟಿದ್ದರು. ಗುರಿಗಿಂತ ಜಾಸ್ತಿಯೇ ಉಳಿತಾಯವಾಯಿತು. ಕೇಳಲು ಸಂತೋಷ. ಆದರೆ ಹೆಚ್ಚಿನವರು ಪಾಸಾಗುವ ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆ ಸಲೀಸಾಗಿತ್ತೇನೋ ಎಂಬ ಅನುಮಾನವೂ ಬರುತ್ತದೆ. ಗುರಿ ಮೀರಿ ಉಳಿಸಿದವರಿಗೆ ಅಲ್ಲೂ ಸರ್ಟಿಫಿಕೇಟ್ ಸಿಗುತ್ತಿತ್ತು, ಹೊಗೆಗಲ್ಲ, ಇಂಧನ ಉಳಿತಾಯಕ್ಕೆ. ಮಾರಲು ಸರ್ಟಿಫಿಕೇಟ್ ರಾಶಿ, ಕೊಳ್ಳುವವರು ಕಡಿಮೆ. 2017–18ರಲ್ಲಿ ಸುಮಾರು 13 ಲಕ್ಷ ಸರ್ಟಿಫಿಕೇಟ್ 100 ಕೋಟಿ ರೂಪಾಯಿಯ ಆಸುಪಾಸಿಗೆ ಮಾರಾಟವಾದವು. ನಾನು 800 ಅಂತ ಊಹಿಸಿದ್ದು ಆ ಲೆಕ್ಕ ನೋಡಿಯೇ. 40 ಪೈಸೆಗೆ ಬೆಚ್ಚಬೇಕಾಗಿಲ್ಲ ಅನ್ನುವುದು ಎಷ್ಟು ನಿಜವೋ, 40 ಪೈಸೆಗೆ ಯಾವ ಮ್ಯಾನೇಜರೂ ನಿದ್ದೆಗೆಡುವುದಿಲ್ಲ ಅನ್ನುವುದೂ ಅಷ್ಟೇ ನಿಜ.

ಈಗ ನನ್ನ ಐವತ್ತು ಮೂಟೆಯ ಲೆಕ್ಕ. ಅಂಗಡಿಯವರ ಮಾತು ನಿಜವೇ ಆಗಿ 40 ಪೈಸೆ ಏರಿದ್ದರೂ ನನಗೆ ಉಳಿಯುತ್ತಿದ್ದದ್ದು 20 ರೂಪಾಯಿ. ಮೇಸ್ತ್ರಿ ಊರಿಗೆ ಹೋದವರು ಮೂರು ವಾರ ಬರಲಿಲ್ಲ. ಮಧ್ಯೆ ಒಂದು ರಾತ್ರಿ ಮಳೆ ಹೊಡೆಯಿತು, ಟಾರ್ಪಾಲಿನ ಒಂದು ಮೂಲೆ ಹಾರಿತ್ತು. ನಾಲ್ಕು ಮೂಟೆ ಕಲ್ಲಾದವು. ಒಂದನ್ನು ಈಗ ಗೇಟಿಗೆ ಆನಿಸಿಟ್ಟಿದ್ದೇನೆ, ಗಾಳಿಗೆ ಬಡಿದುಕೊಳ್ಳದಿರಲಿ ಅಂತ.