98.8 ಗಿಗಾಹರ್ಟ್ಸ್‌ನ ಆ ಉಬ್ಬು

ನನ್ನ ಕೆಲಸ ಬಹುಪಾಲು ಒಂದು ಗೆರೆಯನ್ನು ನೋಡುತ್ತಾ ಕೂರುವುದು. ಪರದೆಯ ಮೇಲೆ ಎಡದಿಂದ ಬಲಕ್ಕೆ ನಡುಗುತ್ತಾ ಸಾಗುವ ಗೆರೆ; ಆಕಾಶದಿಂದ ಬಂದ ರೇಡಿಯೋ ಅಲೆ ಯಾವ ಆವರ್ತನದಲ್ಲಿ ಎಷ್ಟು ಪ್ರಬಲ ಅಂತ ಅದು ತೋರಿಸುತ್ತದೆ. ಅದರಲ್ಲಿ ಎಲ್ಲಾದರೂ ಉಬ್ಬು ಕಂಡರೆ ಅಲ್ಲಿ ಯಾವುದೋ ಗ್ಯಾಲಕ್ಸಿಯ ತಣ್ಣನೆಯ ಅನಿಲ ಇರಬಹುದು. ಇಲ್ಲದೆಯೂ ಇರಬಹುದು. ನಾನು ಸ್ವಂತವಾಗಿ ಕೈಹಾಕಿದ ಮೊದಲ ಗ್ಯಾಲಕ್ಸಿಯಲ್ಲಿ ಉಬ್ಬು ಬಂದದ್ದು 98.8 ಗಿಗಾಹರ್ಟ್ಸ್‌ನಲ್ಲಿ. ಅದೇನು ಅಂತ ಖಚಿತವಾಗುವ ಹೊತ್ತಿಗೆ ಆರು ತಿಂಗಳು ಕಳೆದಿತ್ತು.

ಡೇಟಾ ನಾನು ತೆಗೆದದ್ದಲ್ಲ. ಚಿಲಿಯ ಅಟಕಾಮಾ ಮರುಭೂಮಿಯಲ್ಲಿ, ಸುಮಾರು 5,000 ಮೀಟರ್ ಎತ್ತರದಲ್ಲಿ, 66 ಡಿಶ್‌ಗಳ ಆಲ್ಮಾ ದೂರದರ್ಶಕ ಇದೆ. ಅಷ್ಟು ಮೇಲೆ ಯಾಕೆ ಅಂದರೆ, ನಮಗೆ ಬೇಕಾದ ಮಿಲಿಮೀಟರ್ ಅಲೆಗಳನ್ನು ಗಾಳಿಯಲ್ಲಿರುವ ನೀರಾವಿ ನುಂಗಿಹಾಕುತ್ತದೆ. ಡೇಟಾ ಸಾಮಾನ್ಯವಾಗಿ ಒಂದು ವರ್ಷದವರೆಗೆ ಅಲ್ಲಿ ಸಮಯ ಸಿಕ್ಕ ತಂಡದ ಕೈಯಲ್ಲಿ ಮಾತ್ರ ಇರುತ್ತದೆ. ಆಮೇಲೆ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ನಾನು ಹಾಗೆ ಇಳಿಸಿಕೊಂಡೆ.

ಹುಡುಕುವುದು ಹೈಡ್ರೋಜನ್ ಅನಿಲವನ್ನೇ. ನಕ್ಷತ್ರ ಹುಟ್ಟುವ ಮೋಡಗಳಲ್ಲಿ ಇರುವುದು ಬಹುತೇಕ ಅದೇ. ಆದರೆ ತಣ್ಣಗಿರುವ ಹೈಡ್ರೋಜನ್ ಅಣು ಬಾಯಿ ಬಿಡುವುದಿಲ್ಲ. ಅದರ ಎರಡೂ ಪರಮಾಣು ಒಂದೇ ತರಹ, ಹಾಗಾಗಿ ಅಂಥ ಚಳಿಯಲ್ಲಿ ಅದು ಸುಮ್ನೆ ಕತ್ತಲಲ್ಲಿ ಇರುತ್ತದೆ. ಅದರ ಜೊತೆ ಅಲ್ಪಸ್ವಲ್ಪ ಬೆರೆತಿರುವ ಕಾರ್ಬನ್ ಮೊನಾಕ್ಸೈಡ್ ಮಾತ್ರ ಸದ್ದು ಮಾಡುತ್ತದೆ. 115.27 ಗಿಗಾಹರ್ಟ್ಸ್, 230.54, 345.80, 461.04, ಹೀಗೆ ಮೆಟ್ಟಿಲು ಮೆಟ್ಟಿಲಾಗಿ. ದೂರದ ಗ್ಯಾಲಕ್ಸಿಯಾದರೆ ವಿಶ್ವ ಹಿಗ್ಗಿರುವ ಲೆಕ್ಕಕ್ಕೆ ಈ ಸಂಖ್ಯೆಗಳೆಲ್ಲ ಒಂದೇ ಪ್ರಮಾಣದಲ್ಲಿ ಕೆಳಗಿಳಿದಿರುತ್ತವೆ. ಈ ಇಳಿತದ ಅಳತೆಗೇ ರೆಡ್‌ಶಿಫ್ಟ್ ಅನ್ನುವುದು. ಎಷ್ಟು ಇಳಿದಿವೆ ಅಂತ ಗೊತ್ತಾದರೆ ಗ್ಯಾಲಕ್ಸಿ ಎಷ್ಟು ದೂರ ಅಂತ ಗೊತ್ತಾಯಿತು.

ಮೊದಲ ಸಲ ನನ್ನ ಉಬ್ಬು ಬಡಕಲಾಗಿ ಬಂತು. ತಪ್ಪು ನನ್ನದೇ. ಗ್ಯಾಲಕ್ಸಿಯ ಧೂಳು ಒಂದೇ ಆವರ್ತನದಲ್ಲಿ ಹೊಳೆಯುವುದಿಲ್ಲ, ಎಲ್ಲ ಕಡೆಯೂ ಮೆಲ್ಲಗೆ ಹೊಳೆಯುತ್ತದೆ. ಅದರಿಂದ ಗೆರೆ ಇಡೀ ಸ್ವಲ್ಪ ಮೇಲೆದ್ದು ನಿಂತಿರುತ್ತದೆ. ಅನಿಲದ ಉಬ್ಬನ್ನು ಅಳೆಯಬೇಕಾದರೆ ಈ ಧೂಳಿನ ಪಾಲನ್ನು ಕಳೆಯಬೇಕು. ಕಳೆಯಲು ಮೊದಲು ಅಂದಾಜು ಮಾಡಬೇಕು. ಅಂದಾಜು ಮಾಡುವಾಗ ಉಬ್ಬು ಇರುವ ಚಾನೆಲ್‌ಗಳನ್ನು, ಅಂದರೆ ಆವರ್ತನದ ಆ ಸಣ್ಣ ತುಂಡುಗಳನ್ನು, ಬಿಟ್ಟುಬಿಡಬೇಕು. ನಾನು ಬಿಡಲಿಲ್ಲ. ಉಬ್ಬಿನ ಒಂದಷ್ಟು ಭಾಗ ಧೂಳಿನ ಲೆಕ್ಕಕ್ಕೆ ಸೇರಿ ಅದರ ಜೊತೆಗೇ ಹೊರಟುಹೋಯಿತು.

ಚಿತ್ರ ನೋಡಿದ ನನ್ನ ಗೈಡ್ ಕೇಳಿದ್ದು ಒಂದೇ ಪ್ರಶ್ನೆ: "ಉಬ್ಬಿನ ಅಕ್ಕಪಕ್ಕ ಈ ಹಳ್ಳ ಎಲ್ಲಿಂದ ಬಂತಪ್ಪಾ?" ನಿಜ, ಎರಡೂ ಬದಿಗೆ ಗೆರೆ ಸೊನ್ನೆಗಿಂತ ಕೆಳಗೆ ಕುಸಿದಿತ್ತು. ಅನಿಲ ಅಲ್ಲಿ ಹಾಗೆಲ್ಲ ಬೆಳಕನ್ನು ಕಳೆಯುವುದಿಲ್ಲ. ವಾರಗಟ್ಟಲೆ ನಾನು ಆ ಹಳ್ಳಗಳನ್ನು ನೋಡಿಯೂ ನೋಡಿರಲಿಲ್ಲ, ಕಣ್ಣೆಲ್ಲ ಉಬ್ಬಿನ ಮೇಲೇ ಇತ್ತು.

ಸರಿ ಮಾಡಿದ ಮೇಲೆ ಉಬ್ಬು ದಪ್ಪಗಾಯಿತು. ಆದರೂ ಅವರು ನಂಬಲಿಲ್ಲ. "ಕ್ಯೂಬ್‌ನ ತಲೆಕೆಳಗು ಮಾಡಿ ಇನ್ನೊಮ್ಮೆ ಹುಡುಕು" ಅಂದರು. ಕ್ಯೂಬ್ ಅಂದರೆ ಒಂದೊಂದು ಆವರ್ತನಕ್ಕೂ ಆಕಾಶದ ಒಂದೊಂದು ಚಿತ್ರವನ್ನು ಪೇರಿಸಿಟ್ಟ ಡೇಟಾ. ಅದರ ಪ್ರತಿ ಸಂಖ್ಯೆಯನ್ನೂ ಮೈನಸ್ ಒಂದರಿಂದ ಗುಣಿಸಿ, ಉಬ್ಬು ಹುಡುಕಿ ಪಟ್ಟಿ ಮಾಡುವ ಅದೇ ಪ್ರೋಗ್ರಾಮನ್ನು ಮತ್ತೆ ಓಡಿಸುವುದು. ನಿಜವಾದ ಅನಿಲ ಈಗ ಹಳ್ಳವಾಗುತ್ತದೆ, ಸಿಗುವ ಉಬ್ಬೆಲ್ಲ ಬರೀ ನಾಯ್ಸ್, ಅಂದರೆ ಗೆರೆಯ ಅಡ್ಡಾದಿಡ್ಡಿ ನಡುಕ. 10 ಲಕ್ಷ ಬಿಡಿಬಿಡಿ ಬಿಂದುಗಳಿದ್ದರೆ, ನಾಯ್ಸ್‌ನ ನಾಲ್ಕು ಪಟ್ಟು ಎತ್ತರದ ಉಬ್ಬು ಸುಮ್ನೆ ಆಕಸ್ಮಿಕವಾಗಿಯೇ 30 ಕಡೆ ಏಳುತ್ತದೆ. ನನ್ನ ಪಟ್ಟಿಯಲ್ಲಿದ್ದ ಉಬ್ಬುಗಳಲ್ಲಿ ಒಂದನ್ನು ಬಿಟ್ಟು ಉಳಿದವೆಲ್ಲ ಹೀಗೇ ಹೋದವು. ಅಷ್ಟು ಎತ್ತರದ್ದು ತಲೆಕೆಳಗಾದ ಕ್ಯೂಬ್‌ನಲ್ಲಿ ಸಿಗದೇ ಇದ್ದದ್ದು 98.8ರದ್ದು ಮಾತ್ರ. ಈ ಪರೀಕ್ಷೆಯನ್ನು ಮೊದಲ ದಿನವೇ ಮಾಡಬೇಕಿತ್ತು. ಈಗ ಅದನ್ನು ಮಾಡದೆ ಯಾರಿಗೂ ಚಿತ್ರ ತೋರಿಸುವುದಿಲ್ಲ.

ಉಬ್ಬು ನಿಜ, ಸರಿ. ಯಾವ ಮೆಟ್ಟಿಲಿನದು? ಕಾಗದದ ಮೇಲೆ ಭಾಗಾಕಾರ ಮಾಡಿದೆ. ಅದು 115.27ರ ಮೆಟ್ಟಿಲಾದರೆ ರೆಡ್‌ಶಿಫ್ಟ್ 0.17, ಸುಮಾರು 200 ಕೋಟಿ ವರ್ಷ ಹಿಂದಿನ ಬೆಳಕು. 230.54ರದ್ದಾದರೆ 1.33. 345.80ರದ್ದಾದರೆ 2.5, ಅಂದರೆ ಸುಮಾರು 1,100 ಕೋಟಿ ವರ್ಷ ಹಿಂದಿನದು. ಒಂದೇ ಉಬ್ಬು, ಮೂರು ಗ್ಯಾಲಕ್ಸಿ! ಧೂಳಿನ ಹೊಳಪೂ ಸಹಾಯ ಮಾಡಲಿಲ್ಲ. ಧೂಳಿನ ವಿಷಯದಲ್ಲಿ ಒಂದು ತಮಾಷೆ ಇದೆ: 850 ಮೈಕ್ರಾನ್ ಹತ್ತಿರ ನೋಡಿದರೆ, ರೆಡ್‌ಶಿಫ್ಟ್ 1ರಲ್ಲಿರುವ ಗ್ಯಾಲಕ್ಸಿಯೂ 5ರಲ್ಲಿರುವಂಥದ್ದೂ ಹೆಚ್ಚುಕಡಿಮೆ ಒಂದೇ ಹೊಳಪಿನಲ್ಲಿ ಕಾಣುತ್ತವೆ. ದೂರ ಹೋದಷ್ಟೂ ಧೂಳಿನ ಹೊಳಪಿನ ಶಿಖರ ನಾವು ನೋಡುವ ಕಡೆಗೇ ಜರುಗುತ್ತಾ ಬರುತ್ತದೆ, ದೂರದಿಂದಾದ ನಷ್ಟ ಅಲ್ಲಿಗೆ ತುಂಬಿಹೋಗುತ್ತದೆ. ಇಂಥ ಗ್ಯಾಲಕ್ಸಿಗಳು ಸಿಗುತ್ತಿರುವುದೇ ಈ ಗುಣದಿಂದ. ಆದರೆ ದೂರ ಹೇಳು ಅಂದರೆ ಅದೇ ಗುಣ ಕೈಕೊಡುತ್ತದೆ.

ಇನ್ನೊಂದು ಮೆಟ್ಟಿಲು ಬೇಕಿತ್ತು. ರೆಡ್‌ಶಿಫ್ಟ್ 2.5 ಸರಿ ಅಂತಾದರೆ 461.04ರ ಮೆಟ್ಟಿಲು 131.7 ಗಿಗಾಹರ್ಟ್ಸ್‌ನಲ್ಲಿ ಇರಬೇಕು. 1.33 ಆದರೆ 345.80ರದ್ದು 148.2ರಲ್ಲಿ. ಬೇರೆ ಯಾವುದೋ ತಂಡ ಬೇರೆ ಯಾವುದೋ ಕಾರಣಕ್ಕೆ ಆಕಾಶದ ಅದೇ ಜಾಗವನ್ನು ಆ ಬ್ಯಾಂಡ್‌ನಲ್ಲಿ ನೋಡಿತ್ತು. ಆರ್ಕೈವ್‌ನಲ್ಲಿ ಅದು ಕಣ್ಣಿಗೆ ಬಿದ್ದದ್ದು ಅದೃಷ್ಟ, ಬೇರೇನೂ ಅಲ್ಲ. ಕ್ಯಾಲಿಬ್ರೇಶನ್ ಮುಗಿಸಿ ಮೊದಲು 148.2 ನೋಡಿದೆ. ಚಪ್ಪಟೆ. 131.7ಕ್ಕೆ ಬಂದೆ. ಅಲ್ಲಿತ್ತು. ಅಷ್ಟೇ ಅಗಲ, ಮೊದಲನೆಯದರ ಹಾಗೇ ನಡುವೆ ಸಣ್ಣ ತಗ್ಗು, ಎರಡು ಕೊಂಬು. ಅನಿಲ ತಟ್ಟೆಯ ಹಾಗೆ ತಿರುಗುತ್ತಿದ್ದರೆ ಒಂದು ಬದಿ ನಮ್ಮ ಕಡೆ ಬರುತ್ತಾ ಇನ್ನೊಂದು ಬದಿ ದೂರ ಹೋಗುತ್ತಾ ಇಂಥ ಕೊಂಬುಗಳು ಮೂಡುತ್ತವೆ.

ಇನ್ನು ಉಳಿದದ್ದು ಅನಿಲ ಎಷ್ಟು ಅಂತ. ನನ್ನ ಪ್ರಕಾರ ಈ ಕೆಲಸದಲ್ಲಿ ಅತಿ ಮುಜುಗರದ ಭಾಗ ಇದೇ. ಕಾರ್ಬನ್ ಮೊನಾಕ್ಸೈಡ್‌ನ ಹೊಳಪನ್ನು ಹೈಡ್ರೋಜನ್ ತೂಕಕ್ಕೆ ಬದಲಿಸಲು ಒಂದು ಗುಣಕ ಬೇಕು. ನಮ್ಮ ಕ್ಷೀರಪಥದಂಥ ಗ್ಯಾಲಕ್ಸಿಗೆ 4.3, ರಭಸದಿಂದ ನಕ್ಷತ್ರ ಹುಟ್ಟಿಸುತ್ತಿರುವ ಗ್ಯಾಲಕ್ಸಿಗೆ 0.8 ಅಂತ ಹಾಕುವುದು ರೂಢಿ. ಐದು ಪಟ್ಟು ವ್ಯತ್ಯಾಸ! ಧೂಳಿನಿಂದ ಪರೀಕ್ಷಿಸೋಣ ಅಂದರೆ, ಅನಿಲದ ನೂರರಲ್ಲಿ ಒಂದು ಪಾಲು ಧೂಳು ಅಂತ ಇಟ್ಟುಕೊಳ್ಳಬೇಕು. ಅದರ ತಾಪಮಾನವನ್ನೂ ಊಹಿಸಬೇಕು. 25 ಕೆಲ್ವಿನ್ ಬದಲು 40 ಹಾಕಿದರೆ ತೂಕ ಹತ್ತಿರಹತ್ತಿರ ಅರ್ಧಕ್ಕೆ ಇಳಿಯುತ್ತದೆ.

ಕೋಷ್ಟಕದಲ್ಲಿ ಎರಡೂ ತೂಕ ಬರೆದೆ. ವೈವಾದಲ್ಲಿ ಪರೀಕ್ಷಕರು ಯಾವುದು ಸರಿ ಅಂತ ಕೇಳಿದರು. ಧೂಳಿನ ಲೆಕ್ಕ ಎರಡರ ನಡುವೆ ಬರುತ್ತದೆ ಸರ್, ಅಂದೆ. ನಕ್ಕು ಮುಂದಿನ ಪುಟ ತಿರುಗಿಸಿದರು.