ಮಳೆ ಹಿಂದಾದ ಮೇಲೆ ಹಿತ್ತಲಿಗೆ ಸಿಹಿ ಬಜ್ಜಿ ಮೆಣಸು

ಮಲೆನಾಡಿನ ಮಳೆಗೆ ಬಜ್ಜಿ ಬೇಕು. ಬಜ್ಜಿ ಮೆಣಸಿನ ಗಿಡಕ್ಕೆ ಮಾತ್ರ ಆ ಮಳೆ ಬೇಡ. ಮೊದಲ ಮಳೆ ಬಿದ್ದ ಕೂಡಲೇ ಬೀಜ ಹಾಕಿಬಿಡುವವರೇ ಜಾಸ್ತಿ. ಜುಲೈ ಹೊತ್ತಿಗೆ ಬೇರು ಕೊಳೆತು ಗಿಡ ಮಲಗಿರುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಹಾಗಂತ ಬೇಸಿಗೆಗೆ ಕಾದರೂ ಆಗದು. ಹಗಲಿನ ಬಿಸಿ 35 ಡಿಗ್ರಿ ಮುಟ್ಟಿ ರಾತ್ರಿಯೂ ಸೆಕೆಯಿದ್ದರೆ ಹೂವೆಲ್ಲ ಉದುರುತ್ತದೆ. ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನ ಹವೆಯೇ ಈ ಗಿಡಕ್ಕೆ ಹೇಳಿ ಮಾಡಿಸಿದ್ದು.

ಸಂತೆಯ ಬಜ್ಜಿ ಮೆಣಸಿಗೆ ಸ್ವಲ್ಪ ಖಾರ ಇದ್ದೇ ಇರುತ್ತದೆ. ಮಕ್ಕಳೂ ತಿನ್ನಬೇಕು ಅಂದರೆ ಸ್ವೀಟ್ ಬನಾನಾ, ಕ್ಯೂಬನೆಲ್, ಜಿಮ್ಮಿ ನಾರ್ಡೆಲ್ಲೊ ತಳಿಗಳ ಬೀಜ ಹುಡುಕಿ. ಇವು ದೊಣ್ಣೆಮೆಣಸಿನಷ್ಟು ದಪ್ಪ ಇರುವುದಿಲ್ಲ. ಹಾಗಾಗಿ ಬಾಣಲೆಯಲ್ಲಿ ಬೇಗ ಬಾಡುತ್ತವೆ.

ಸಸಿ ಮಾಡುವುದು

ಗೌರಿ ಹಬ್ಬದ ಆಸುಪಾಸಿನಲ್ಲಿ ಶುರು ಮಾಡಿ. ಟ್ರೇಯಲ್ಲಿ ಕೊಕೊಪಿಟ್ (ತೆಂಗಿನ ನಾರಿನ ಪುಡಿ) ಮತ್ತು ಎರೆಗೊಬ್ಬರ ತುಂಬಿ, ಬೀಜವನ್ನು ಕಾಲು ಇಂಚು ಆಳಕ್ಕೆ ಹಾಕಿ. 25ರಿಂದ 30 ಡಿಗ್ರಿ ಬೆಚ್ಚಗಿದ್ದರೆ ಹೆಚ್ಚೂಕಡಿಮೆ 10 ದಿನಕ್ಕೆ ಮೊಳಕೆ ಬರುತ್ತದೆ. ಆ ಜಡಿಮಳೆಯಲ್ಲಿ ಬೆಚ್ಚಗಿನ ಜಾಗ ಎಲ್ಲಿ ಅಂತೀರಾ? ಬಚ್ಚಲೊಲೆಯ ಆಚೆ ಮೂಲೆ ಇದೆಯಲ್ಲ! ಆದರೆ ಮೊಳಕೆ ಕಂಡ ದಿನವೇ ಟ್ರೇಯನ್ನು ಬೆಳಕಿಗೆ ತನ್ನಿ, ಇಲ್ಲವಾದರೆ ಸಸಿ ಸುಮ್ನೆ ಉದ್ದ ಎಳೆಯುತ್ತದೆ. ನೀರು ಬೆಳಗ್ಗೆ ಮಾತ್ರ, ಅದೂ ಮೇಲ್ಮಣ್ಣು ಒಣಗಿದ್ದರೆ.

ಮಣ್ಣು ಮತ್ತು ಜಾಗ

ನಮ್ಮ ಜಂಬಿಟ್ಟಿಗೆ ಮಣ್ಣು ಹುಳಿ. ಮೆಣಸಿಗೆ ಪಿಎಚ್ (ಹುಳಿಯ ಅಳತೆ, ಕಡಿಮೆಯಾದಷ್ಟೂ ಹುಳಿ ಜಾಸ್ತಿ) 6ರ ಮೇಲಿದ್ದರೆ ಒಳ್ಳೆಯದು. ಮಣ್ಣು ಪರೀಕ್ಷೆ ಮಾಡಿಸಿ, ಅದು ಹೇಳಿದಷ್ಟು ಕೃಷಿ ಸುಣ್ಣವನ್ನು ನಾಟಿಗೆ ಎರಡು-ಮೂರು ವಾರ ಮೊದಲೇ ಬೆರೆಸಿ. ಸುಣ್ಣ, ಸಗಣಿ ಗೊಬ್ಬರ ಎರಡನ್ನೂ ಒಟ್ಟಿಗೆ ಹಾಕಬೇಡಿ, ಗೊಬ್ಬರದ ಸಾರಜನಕ ಗಾಳಿಗೆ ಹೋಗುತ್ತದೆ. ಗೊಬ್ಬರ ನಾಟಿಯ ಹೊತ್ತಿಗೆ ಸಾಕು.

ದಿನಕ್ಕೆ 6 ಗಂಟೆಯಾದರೂ ಬಿಸಿಲು ಬೇಕು. ಅಡಿಕೆ ಮರದ ಬುಡದಲ್ಲಿ ಜಾಗ ಖಾಲಿ ಇದೆ ಎಂದು ಅಲ್ಲಿ ನೆಟ್ಟರೆ ಎಲೆ ಬರುತ್ತದೆ, ಕಾಯಿ ಬರುವುದಿಲ್ಲ. ಸಸಿಗೆ ಐದಾರು ವಾರ ಆದ ಮೇಲೆ, ಒಂದಡಿ ಎತ್ತರದ ಏರುಮಡಿಯಲ್ಲಿ ಒಂದೂವರೆ ಅಡಿಗೆ ಒಂದರಂತೆ ಸಂಜೆ ಹೊತ್ತು ನಾಟಿ ಮಾಡಿ. ಬುಡಕ್ಕೆ ದರಗು (ಒಣ ಎಲೆ) ಹೊದಿಸಿ. ಕುಂಡದಲ್ಲಾದರೆ 12 ಇಂಚಿನದ್ದು ಬೇಕು.

ಹಿಂದಿನ ವರ್ಷ ಟೊಮೆಟೊ, ಬದನೆ ಇದ್ದ ಮಡಿಯನ್ನು ಬಿಟ್ಟುಬಿಡಿ. ಒಂದೇ ಸೊರಗು ರೋಗ ಎಲ್ಲವಕ್ಕೂ ಬರುತ್ತದೆ. ಹಸಿರಾಗಿದ್ದ ಗಿಡ ಇದ್ದಕ್ಕಿದ್ದಂತೆ ಜೋತುಬಿದ್ದರೆ ಬುಡದ ಕಾಂಡವನ್ನು ಕತ್ತರಿಸಿ, ಒಂದು ಲೋಟ ತಿಳಿನೀರಿಗೆ ತುದಿ ಮುಟ್ಟಿಸಿ ಹಿಡಿಯಿರಿ. ಸ್ವಲ್ಪ ಹೊತ್ತಿಗೆ ಕತ್ತರಿಸಿದ ಜಾಗದಿಂದ ಹಾಲಿನಂಥ ಎಳೆ ಕೆಳಗಿಳಿದರೆ ಅದು ಬ್ಯಾಕ್ಟೀರಿಯಾ ಸೊರಗು. ಔಷಧಿ ಹುಡುಕುತ್ತ ಕೂರಬೇಡಿ, ಬೇರು ಸಮೇತ ಕಿತ್ತು ಸುಟ್ಟುಬಿಡಿ.

ಎಲೆ ಮುದುಡಿದರೆ

ಯಾವ ಕಡೆ ಮುದುಡಿದೆ ನೋಡಿ. ಅಂಚು ಮೇಲಕ್ಕೆ ಮಡಚಿ ದೋಣಿಯಂತಾದರೆ ಥ್ರಿಪ್ಸ್ ಎಂಬ ರಸ ಹೀರುವ ಸಣ್ಣ ಕೀಟ. ಕೆಳಕ್ಕೆ ಮಡಚಿ ಎಲೆ ಕಿರಿದಾದರೆ ಮೈಟ್ ನುಸಿ. ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ಚೂರು ಸೋಪಿನ ದ್ರಾವಣ ಸೇರಿಸಿ ಎಲೆಯ ಅಡಿಗೆ ತಾಗುವಂತೆ ಸಂಜೆ ಸಿಂಪಡಿಸಿ, ವಾರ ಬಿಟ್ಟು ಮತ್ತೊಮ್ಮೆ. ಎಲೆಯ ಮೇಲ್ಭಾಗಕ್ಕೆ ಮಾತ್ರ ಹೊಡೆದರೆ ಪ್ರಯೋಜನವಿಲ್ಲ, ನುಸಿ ಇರುವುದೇ ಅಡಿಯಲ್ಲಿ ಅಲ್ವಾ?

ಹೂ ಬಿಡುವಾಗ ಗೊಬ್ಬರ ಸುರಿಯುವ ಆಸೆ ಬೇಡ. ಸಾರಜನಕ ಜಾಸ್ತಿಯಾದರೆ ಗಿಡ ಎಲೆಯಲ್ಲೇ ಮೆರೆಯುತ್ತದೆ. ಬಚ್ಚಲೊಲೆಯ ಬೂದಿ ಒಂದು ಹಿಡಿ ಬುಡದ ಸುತ್ತ ಉದುರಿಸಿದರೆ ಪೊಟ್ಯಾಷ್ ಸಿಗುತ್ತದೆ. ಕಾಯಿಯ ತುದಿ ಕಪ್ಪಾಗಿ ಒತ್ತಿಕೊಂಡರೆ ನೀರು ಏರುಪೇರಾಗಿದೆ ಎಂದರ್ಥ. ಒಂದು ದಿನ ತೋಯಿಸಿ ನಾಲ್ಕು ದಿನ ಮರೆತರೆ ಕಾಯಿಗೆ ಸುಣ್ಣದಂಶ ತಲುಪುವುದಿಲ್ಲ.

ಮಂಗಗಳ ಮಾತು ಬೇರೆ. ಖಾರವಿಲ್ಲದ ಗಿಡ ಯಾವುದೆಂದು ಅವಕ್ಕೆ ನಮಗಿಂತ ಮೊದಲು ಗೊತ್ತಾಗುತ್ತದೆ. ಬಲೆ ಬಿಟ್ಟರೆ ಬೇರೆ ದಾರಿ ಕಾಣೆ.

ಕೊಯ್ಲು

ನಾಟಿ ಮಾಡಿ ಎರಡು-ಎರಡೂವರೆ ತಿಂಗಳಿಗೆ ಕಾಯಿ ಹೊಳಪಾಗಿ, ಒತ್ತಿದರೆ ಗಟ್ಟಿಯಾಗಿ ಸಿಗುತ್ತದೆ. ಕತ್ತರಿಯಿಂದ ತೊಟ್ಟು ಸಮೇತ ಕತ್ತರಿಸಿ, ಕೈಯಿಂದ ಎಳೆದರೆ ಟೊಂಗೆಯೇ ಮುರಿದು ಬರುತ್ತದೆ. ಕೊಯ್ದಷ್ಟೂ ಹೊಸ ಹೂ ಬರುತ್ತದೆ. ಗಿಡದಲ್ಲೇ ಕೆಂಪಾಗಲು ಬಿಟ್ಟರೆ ಇನ್ನೂ ಸಿಹಿ.

ಪಕ್ಕದಲ್ಲಿ ಖಾರದ ಮೆಣಸಿದ್ದರೆ ಸಿಹಿ ಕಾಯಿಯೂ ಖಾರವಾಗುತ್ತದೆ ಎನ್ನುವ ಮಾತಿದೆ. ಈ ವರ್ಷದ ಕಾಯಿಗೆ ಏನೂ ಆಗದು. ಪರಾಗ ಬೆರೆತರೆ ಅದರ ಫಲ ಕಾಣುವುದು ಆ ಬೀಜದಿಂದ ಹುಟ್ಟಿದ ಗಿಡದಲ್ಲಿ. ಬೀಜಕ್ಕೆ ಬಿಡುವುದಾದರೆ ಮೂರ್ನಾಲ್ಕು ಮೊಗ್ಗುಗಳಿಗೆ ತೆಳು ಬಟ್ಟೆಯ ಚೀಲ ಕಟ್ಟಿ, ಕಾಯಿ ಕಚ್ಚಿದ ಮೇಲೆ ಚೀಲ ಬಿಚ್ಚಿ, ತೊಟ್ಟಿಗೆ ಬಣ್ಣದ ದಾರ ಸುತ್ತಿಡಿ.